ಗ್ಯಾಸು ಹಿಡಿಯುವ ಮೆಷಿನ್ನೂ ಒದ್ದೆ ಗೋಣಿಯೂ

ಚೆನ್ನೈನಲ್ಲಿ ಏಸಿ ರಿಪೇರಿ ಮಾಡಿಕೊಂಡು ಬದುಕುವವನಿಗೆ ಕೆಲಸಕ್ಕೆ ಬರವಿಲ್ಲ, ಫಜೀತಿಗೂ ಇಲ್ಲ. ಒಂದು ಮುಗಿಯಿತೆಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಫೋನು ಮಾಡಿ ವಿಳಾಸ ಹೇಳುತ್ತದೆ. ನನ್ನ ಫಜೀತಿಗಳಲ್ಲಿ ಮುಕ್ಕಾಲು ಪಾಲಿಗೆ ಒಂದು ಮೆಷಿನ್ನು ಕಾರಣ.

ಏಸಿಯ ಒಳಗೆ ತಂಪು ಮಾಡುವ ಗ್ಯಾಸ್ ಇರುತ್ತದೆ. ದೊಡ್ಡ ರಿಪೇರಿಗೆ ಮೊದಲು ಅದನ್ನು ತೆಗೆಯಬೇಕು. ಊರಲ್ಲೆಲ್ಲ ತೆಗೆಯುವ ವಿಧಾನ ಒಂದೇ: ಪೈಪು ಬಿಚ್ಚುವುದು, ‘ಬುಸ್’ ಅನ್ನಿಸುವುದು, ಟೀ ಕುಡಿಯಲು ಹೋಗುವುದು. ಟೀ ಮುಗಿಯುವಷ್ಟರಲ್ಲಿ ಗ್ಯಾಸೆಲ್ಲ ಆಕಾಶದ ಪಾಲು. ಮೇಲೆ ಹೋಗಿ ಅದು ಭೂಮಿಯನ್ನು ಕಾಯಿಸುತ್ತದೆ. ಭೂಮಿ ಕಾದರೆ ಜನ ಇನ್ನೊಂದು ಏಸಿ ಕೊಳ್ಳುತ್ತಾರೆ, ಅದು ಕೆಟ್ಟಾಗ ನಾವು ಮತ್ತೆ ಬುಸ್ ಅನ್ನಿಸುತ್ತೇವೆ. ಇದನ್ನು ಯೋಚಿಸಿದರೆ ನನಗೆ ಊಟ ಸೇರುವುದಿಲ್ಲ. ಅದಕ್ಕೇ ನಮ್ಮ ಮುದಲಾಳಿಯ, ಅಂದರೆ ಅಂಗಡಿ ಯಜಮಾನರ, ಬೆನ್ನು ಬಿದ್ದು ಒಂದು ರಿಕವರಿ ಮೆಷಿನ್ ತರಿಸಿದೆ. ಅದು ಏಸಿಯ ಗ್ಯಾಸನ್ನು ಎಳೆದು ಬೇರೆ ಸಿಲಿಂಡರಿಗೆ ತುಂಬುತ್ತದೆ, ಗಾಳಿಗೆ ಬಿಡುವುದಿಲ್ಲ.

ಮುದಲಾಳಿ ಅಂದೇ ಹೇಳಿದರು: “ನಿಮ್ಮ ಕಾಟಕ್ಕೆ ತರಿಸಿದ್ದೇನೆ. ಇದರಿಂದ ತಲೆನೋವು ಬಂತೋ, ಹಳೇ ಕಬ್ಬಿಣದವನಿಗೆ ಹಾಕಿಬಿಡುತ್ತೇನೆ. ಆಮೇಲೆ ನಾವೂ ಎಲ್ಲರ ಹಾಗೆ ಬುಸ್.”

ಅಂದಿನಿಂದ ಆ ಮೆಷಿನ್ನನ್ನು ಹೇಗಾದರೂ ಅಂಗಡಿಯಲ್ಲಿ ಉಳಿಸಿಕೊಳ್ಳಬೇಕು ಅನ್ನುವುದೇ ನನ್ನ ಬದುಕಾಯಿತು.

ನನ್ನ ಜೊತೆ ಕೆಲಸ ಮಾಡುವವರು ತಿರುನೆಲ್ವೇಲಿ ಕಡೆಯವರು, ನನಗಿಂತ ಹಿರಿಯರು. ಎಲ್ಲರೂ ಅವರನ್ನು ಅಣ್ಣಾಚಿ ಅನ್ನುತ್ತಾರೆ. ಹೇಳಿದ ಕೆಲಸವನ್ನು ಮಾಡದೆ ಬಿಟ್ಟ ಆಸಾಮಿಯಲ್ಲ. ಹೇಳಿದ್ದು ಅವರಿಗೆ ಏನಾಗಿ ಕೇಳಿಸಿತು ಅನ್ನುವುದಷ್ಟೇ ಪ್ರಶ್ನೆ. ಅವರನ್ನೇ ಯಾಕೆ ದೂರಲಿ, ನಾನು ಮಂಡ್ಯದವನು. ಇಷ್ಟು ವರ್ಷವಾದರೂ ತಮಿಳು ನನಗೆ ನಾಲಗೆಯ ತುದಿಯಲ್ಲೇ ಇರುತ್ತದೆ. ಗಾಬರಿಯಾದರೆ ಅಲ್ಲಿಂದಲೂ ಜಾರಿ ಬಿದ್ದು ಬರೀ ಕನ್ನಡ ಉಳಿಯುತ್ತದೆ.

ನಮ್ಮ ಗ್ಯಾಸು ನಮಗೆ

ಮಾಧವರಂನಲ್ಲಿ ಒಂದು ಕನ್ನಡದವರ ಮನೆ. ಯಜಮಾನರು ಬ್ಯಾಂಕಿನಲ್ಲಿದ್ದರು, ಮನೆಯಾಕೆ ಮೈಸೂರಿನವರು. ಕನ್ನಡದವನು ಬಂದನೆಂದು ಮೊದಲು ಕಾಫಿ, ಚಕ್ಕುಲಿ ಎಲ್ಲ ಆಯಿತು. ಮೆಷಿನ್ ಓಡಲು ಶುರುವಾದ ಮೇಲೆ ಆಕೆ ಬಾಗಿಲಲ್ಲೇ ನಿಂತರು.

“ಏನ್ರೀ, ನಮ್ಮ ಏಸಿಯಿಂದ ನಿಮ್ಮ ಸಿಲಿಂಡರಿಗೆ ಏನೋ ಹೋಗ್ತಿದೆಯಲ್ಲ?”

“ಗ್ಯಾಸ್ ಅಮ್ಮ. ಗಾಳಿಗೆ ಬಿಡಬಾರದು, ಅದಕ್ಕೆ ಹಿಡೀತಿದೀವಿ.”

“ಹೋದ ಸಲ ಬಂದವನು ಹೀಗೆಲ್ಲ ಮಾಡ್ಲಿಲ್ಲ. ಪಾಪ, ಒಳ್ಳೆಯವನು. ಎಲ್ಲಾ ಇಲ್ಲೇ ಬಿಟ್ಟು ಹೋದ.”

ನಾನು ಆಕೆಯನ್ನು ಕೂರಿಸಿಕೊಂಡು ಭೂಮಿ, ಆಕಾಶ, ಬಿಸಿಲು ಎಲ್ಲವನ್ನೂ ವಿವರಿಸಿದೆ. ಇದು ಒಲೆಗೆ ಬರುವ ಗ್ಯಾಸಲ್ಲ, ಮೈಗೆ ತಾಗಿದರೆ ಚರ್ಮ ಹೋಗುತ್ತದೆ, ಕೈಗವಸು ಕನ್ನಡಕ ಇಲ್ಲದೆ ನಾವೇ ಮುಟ್ಟುವುದಿಲ್ಲ ಎಂದೆ. ಆಕೆ ತಲೆದೂಗುತ್ತ ಪೂರ್ತಿ ಕೇಳಿ ಒಳಗೆ ಹೋದರು. ಒಬ್ಬರಿಗಾದರೂ ಅರ್ಥವಾಯಿತಲ್ಲ ಎಂದು ನನಗೆ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಆಕೆ ಒಂದು ಸ್ಟೀಲ್ ಡಬ್ಬ ಹಿಡಿದುಕೊಂಡು ಬಂದರು.

“ಇದರಲ್ಲಿ ಹಾಕಿ ಕೊಟ್ಟುಬಿಡಿ. ಮುಚ್ಚಳ ಬಿಗಿಯಾಗಿದೆ, ನಮ್ಮತ್ತೆ ಕಾಲದ್ದು. ಮಳೆಗಾಲದಲ್ಲೂ ಇದರಲ್ಲಿಟ್ಟ ಹಪ್ಪಳ ಮೆತ್ತಗಾಗಿಲ್ಲ.”

ಇನ್ನೂ ಎಷ್ಟು ಬಿಸಿ?

ಆ ಮನೆಯಿಂದ ‘ನಿಮ್ಮವರು ಗ್ಯಾಸು ಕದ್ದರು’ ಎಂದು ಮುದಲಾಳಿಗೆ ಫೋನು ಹೋಯಿತು. ಅವರು ನನ್ನನ್ನು ನೋಡಿದ ನೋಟದಲ್ಲಿ ಹಳೇ ಕಬ್ಬಿಣದವನ ತಕ್ಕಡಿ ಕಾಣುತ್ತಿತ್ತು. ಮುಂದಿನದು ಸರಿಯಾಗಿ ಆಗಲಿ ಎಂದು ದೇವರಿಗೆ ಕೈಮುಗಿದು ಕೋಯಂಬೇಡು ಮಾರುಕಟ್ಟೆಗೆ ಹೋದೆವು. ಹಣ್ಣಿನ ವ್ಯಾಪಾರಿಯೊಬ್ಬರ ತಂಪುಕೋಣೆ ಕೆಟ್ಟಿತ್ತು.

ನಡು ಮಧ್ಯಾಹ್ನ. ನೆಲವೇ ಕಾವಲಿಯಾಗಿತ್ತು. ಬಿಸಿಲಿಗೆ ಸಿಲಿಂಡರ್ ಕಾದು ಗ್ಯಾಸ್ ಒಳಗೆ ಹೋಗಲು ಒಲ್ಲೆ ಎನ್ನತೊಡಗಿತು. ಸಂತೆಯಲ್ಲಿ ಗೋಣಿಚೀಲಕ್ಕೆ ಕೊರತೆಯೇ? ಒಂದನ್ನು ನೀರಲ್ಲಿ ಅದ್ದಿ ಸಿಲಿಂಡರಿಗೆ ಹೊದಿಸಿ ಅಣ್ಣಾಚಿಗೆ ಪಾಠ ಹೇಳಿದೆ: “ನೋಡಿ, ಹೀಗೆ ತಂಪು ಮಾಡಿದರೆ ಬೇಗ ತುಂಬುತ್ತದೆ.” ಅಣ್ಣಾಚಿಗೆ ಇದು ಎಷ್ಟು ಹಿಡಿಸಿತೆಂದರೆ, ಅಂದಿನಿಂದ ಅವರ ಚೀಲದಲ್ಲಿ ಸ್ಪ್ಯಾನರ್ ಇಲ್ಲದಿದ್ದರೂ ಗೋಣಿ ಇರುತ್ತಿತ್ತು.

ವ್ಯಾಪಾರಿ ಮಾತ್ರ ಕುದಿಯುತ್ತಿದ್ದರು. ಹಣ್ಣು ಕೊಳೆಯುತ್ತಿದೆ, ಪೈಪು ಬಿಚ್ಚಿ ಬಿಡಿ ಎಂದರು. ಬಿಟ್ಟರೆ ಅದು ಮೇಲೆ ಹೋಗಿ ಬಿಸಿ ಹೆಚ್ಚಿಸುತ್ತದೆ ಎಂದೆ. ಅವರು ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡು ಆಕಾಶವನ್ನೇ ದಿಟ್ಟಿಸಿದರು.

“ಬಿಡಿ ಸಾರ್,” ಎಂದರು. “ಇನ್ನು ಬಿಸಿ ಆಗೋದಕ್ಕೆ ಅಲ್ಲಿ ಜಾಗ ಎಲ್ಲಿದೆ?”



ದೇವರಿಗೇ ಗೊತ್ತು

ಆಯುಧಪೂಜೆಯ ದಿನ ಅಣ್ಣಾಚಿ ಮೆಷಿನ್ನಿಗೆ ಸ್ನಾನವೊಂದನ್ನು ಬಿಟ್ಟು ಎಲ್ಲ ಉಪಚಾರ ಮಾಡಿದರು. ಹೂವು, ನಿಂಬೆಹಣ್ಣು, ವಿಭೂತಿ. ಮೆಷಿನ್ನಿಗೆ ಎರಡು ಗೇಜುಗಳಿವೆ, ಒತ್ತಡ ಎಷ್ಟೆಂದು ಮುಳ್ಳು ತೋರಿಸುತ್ತದೆ. ಎರಡೂ ದುಂಡಗೆ ಕಣ್ಣಿನ ಹಾಗಿವೆ. ಅಣ್ಣಾಚಿ ಎರಡರ ಮೇಲೂ ದಪ್ಪಗೆ ಗಂಧ ಬಳಿದು ನಡುವೆ ಕುಂಕುಮವಿಟ್ಟರು. ನೋಡಲು ಲಕ್ಷಣವಾಗಿಯೇ ಇತ್ತು.

ಮಾರನೆಯ ದಿನ ಗಂಧ ಗಾರೆಯಂತೆ ಒಣಗಿತ್ತು. ಸ್ವಲ್ಪ ಒರೆಸಿ ಎಂದೆ. ಅಣ್ಣಾಚಿ ಪೇಂಟಿನ ಥಿನ್ನರ್ ಹಾಕಿ ಶ್ರದ್ಧೆಯಿಂದ ತಿಕ್ಕಿದರು. ಗೇಜಿನ ಮುಚ್ಚಳ ಪ್ಲಾಸ್ಟಿಕ್ಕು. ಗಂಧ ಹೋಯಿತು, ಮುಚ್ಚಳ ಹಾಲಿನಂತೆ ಬೆಳ್ಳಗಾಯಿತು, ಮುಳ್ಳೂ ಅಂಕಿಯೂ ಅದರ ಹಿಂದೆ ಮರೆಯಾದವು.

“ಈಗ ಒಳಗೆ ಎಷ್ಟು ಒತ್ತಡ ಇದೆ ಅಂತ ಯಾರಿಗೆ ಗೊತ್ತಾಗಬೇಕು ಅಣ್ಣಾಚಿ?” ಎಂದೆ.

“ಅದಕ್ಕೇ ತಾನೆ ಸಾರ್ ಪೂಜೆ ಮಾಡಿರೋದು? ಅವನಿಗೆ ಗೊತ್ತು.”

ರಿಪೇರಿ

ಮುದಲಾಳಿ ಗೊಣಗುತ್ತ ಹೊಸ ಗೇಜು ಹಾಕಿಸಿದರು. ಅಷ್ಟರಲ್ಲಿ ಇನ್ನೊಂದು ಫಜೀತಿ. ಗ್ಯಾಸ್ ತುಂಬುವ ಸಿಲಿಂಡರನ್ನು ಬಾಯಿಮಟ್ಟ ತುಂಬಬಾರದು, ಬಿಸಿಲಿಗೆ ಒಳಗಿನದು ಹಿಗ್ಗುತ್ತದೆ. ಹಾಲಿನ ಪಾತ್ರೆಯಲ್ಲಿ ಉಕ್ಕಲು ಜಾಗ ಬಿಟ್ಟಂತೆ ಇಲ್ಲೂ ಬಿಡಬೇಕು. ಅದಕ್ಕೆಂದೇ ಸಿಲಿಂಡರಿನಿಂದ ಮೆಷಿನ್ನಿಗೆ ಒಂದು ವೈರು ಇರುತ್ತದೆ. ತುಂಬಿತೆಂದರೆ ಮೆಷಿನ್ ತಾನಾಗಿ ನಿಲ್ಲುತ್ತದೆ.

ಒಂದು ಬೆಳಗ್ಗೆ ಅಣ್ಣಾಚಿ ಮುಖವೆಲ್ಲ ನಗುವಾಗಿ ಬಂದರು. “ಸಾರ್, ಮೆಷಿನ್ ಮಧ್ಯೆ ಮಧ್ಯೆ ನಿಲ್ತಿತ್ತಲ್ಲ, ರಿಪೇರಿ ಮಾಡಿದೆ. ಒಂದು ವೈರು ತಂಟೆ ಮಾಡ್ತಿತ್ತು. ಬಿಚ್ಚಿ, ಎರಡು ತುದಿ ಸೇರಿಸಿ ಟೇಪ್ ಸುತ್ತಿದೀನಿ. ಇನ್ನು ಅದು ನಿಲ್ಲೋ ಮಾತೇ ಇಲ್ಲ.”

“ಅಣ್ಣಾಚಿ, ಆ ವೈರು ಇರೋದೇ ನಿಲ್ಲಿಸೋದಕ್ಕೆ.”

“ನಿಲ್ಲೋದಕ್ಕೆ ಮೆಷಿನ್ ಯಾಕೆ ಸಾರ್?” ಎಂದರು ಅಣ್ಣಾಚಿ. “ನಾವು ಇದ್ದೀವಲ್ಲ.”

ನಾನೇ ಕೂತು ವೈರನ್ನು ಮೊದಲಿನಂತೆ ಹಾಕಿದೆ.

ಸಾಕು

ಎಣ್ಣೂರಿನಲ್ಲಿ ಮೀನು ಇಡುವ ಒಂದು ದೊಡ್ಡ ಕೋಲ್ಡ್ ಸ್ಟೋರೇಜ್. ಗ್ಯಾಸನ್ನು ಗಾಳಿಗೆ ಬಿಡದವರಿಗೇ ವರ್ಷದ ಕೆಲಸ ಕೊಡುತ್ತೇವೆ, ಬಂದು ಮಾಡಿ ತೋರಿಸಿ ಎಂದರು ಅಲ್ಲಿನ ಸೇಫ್ಟಿ ಆಫೀಸರ್ ಮೇಡಂ. ನನಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ಮುದಲಾಳಿಯೂ ಬಿಳಿ ಅಂಗಿ ತೊಟ್ಟು ಜೊತೆಗೇ ಹೊರಟರು. ದಾರಿಯಲ್ಲಿ ಹೇಳಿದರು: “ಈ ಕೆಲಸ ಸಿಕ್ಕಿದರೆ ಮೆಷಿನ್ ಇರುತ್ತದೆ. ಸಿಗದಿದ್ದರೆ ಸೋಮವಾರ ಕಬ್ಬಿಣದವನು ಬರುತ್ತಾನೆ.”

ಅಲ್ಲಿನ ತಂಪು ಮಾಡುವ ಯಂತ್ರ ಗೋಡೆಯ ಎತ್ತರದಲ್ಲಿ ಕೂತಿತ್ತು. ನಾನು ಏಣಿ ಹತ್ತಿ ಪೈಪು ಹಿಡಿದು ನಿಂತೆ. ಕೆಳಗೆ ಮೆಷಿನ್ನು, ಸಿಲಿಂಡರು, ಅದರಡಿ ತೂಕದ ಯಂತ್ರ. ಸ್ವಿಚ್ಚಿನ ಪಕ್ಕ ಅಣ್ಣಾಚಿ. ಮುದಲಾಳಿ ಏಣಿಯ ಬುಡವನ್ನು ಎರಡು ಕೈಯಲ್ಲಿ ಹಿಡಿದು, ತಾವೇ ಕರೆಸಿದ್ದ ಫೋಟೋ ತೆಗೆಯುವವನ ಕಡೆಗೆ ಮುಖ ಮಾಡಿ ನಿಂತಿದ್ದರು. ಮೆಷಿನ್ ಚೆನ್ನಾಗಿ ಓಡಿತು. ಮೇಡಂ ಮೆಚ್ಚಿಕೊಂಡು ತಲೆ ಆಡಿಸಿದರು. ನನ್ನ ಜೀವನದಲ್ಲಿ ಅಷ್ಟು ಹೊತ್ತು ಯಾವುದೂ ಸರಿಯಾಗಿ ನಡೆದದ್ದಿಲ್ಲ.

ತೂಕ ಗುರುತು ಮುಟ್ಟಿತು. ಮೆಷಿನ್ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಆಮೇಲೆ ಗೊತ್ತಾಯಿತು, ಮೇಡಂ ಮುಂದೆ ಮೆಷಿನ್ ನಿಂತರೆ ಮಾನ ಹೋಗುತ್ತದೆಂದು ಮುದಲಾಳಿಯೇ ಬೆಳಗ್ಗೆ ಅಣ್ಣಾಚಿಗೆ ಹೇಳಿ ಆ ವೈರಿನ ಹಳೆಯ ರಿಪೇರಿಯನ್ನು ಮತ್ತೆ ಮಾಡಿಸಿದ್ದರು.

ತೂಕ ಏರುತ್ತಲೇ ಇತ್ತು. ನನ್ನ ತಮಿಳು ಜಾರಿತು. “ಅಣ್ಣಾಚಿ, ಸಾಕು! ಸಾಕು!” ಎಂದು ಕೂಗಿದೆ.

ಅಣ್ಣಾಚಿ ತಲೆಯಾಡಿಸಿ ಓಡಿದರು. ಒಂದು ಒದ್ದೆ ಗೋಣಿ ತಂದು ಸಿಲಿಂಡರಿಗೆ ಹೊದಿಸಿದರು.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ತಮಿಳಿನಲ್ಲಿ ನಮ್ಮ ಸಾಕಿಗೆ ‘ಪೋದುಂ’ ಅನ್ನಬೇಕು. ‘ಸಾಕ್ಕು’ ಅಂದರೆ ಗೋಣಿಚೀಲ. ಇದು ನನಗೆ ನೆಲದ ಮೇಲಿದ್ದಾಗ ಚೆನ್ನಾಗಿ ಗೊತ್ತು. ಏಣಿಯ ಮೇಲೆ ಗೊತ್ತಿರಲಿಲ್ಲ.

ಸಿಲಿಂಡರ್ ತಂಪಾಗಿ ಇನ್ನೂ ಹುರುಪಿನಿಂದ ಗ್ಯಾಸ್ ಎಳೆದುಕೊಳ್ಳತೊಡಗಿತು. “ಅಯ್ಯೋ, ಸಾಕ್ಕೂ!” ಎಂದು ಅರಚಿದೆ. ಎರಡನೆಯ ಗೋಣಿ ಬಂತು. ಬೇಡ ಬೇಡ ಎಂದು ಕೈ ಅಡ್ಡಡ್ಡ ಬೀಸಿದೆ. ಸುತ್ತಲೂ ಹೊದಿಸಬೇಕೆಂದು ತಿಳಿದು ಅಣ್ಣಾಚಿ ಅದನ್ನು ಅಂಚು ಸೇರಿಸಿ ಅಚ್ಚುಕಟ್ಟಾಗಿ ಹೊದಿಸಿದರು. ಇಳಿಯೋಣವೆಂದರೆ ಬುಡದಲ್ಲಿ ಮುದಲಾಳಿ ಫೋಟೋಗೆ ನಗುತ್ತಿದ್ದರು. ಕೊನೆಗೆ ಅವರ ಹೆಗಲ ಮೇಲೇ ಕಾಲಿಟ್ಟು ಹಾರಿದೆ, ಸ್ವಿಚ್ಚು ಆರಿಸಿದೆ, ಎಲ್ಲರನ್ನೂ ಗೋಡೆಯ ಆಚೆಗೆ ಅಟ್ಟಿದೆ.

ಬಿಸಿಲಿಗೆ ಗೋಣಿ ಒಣಗುವವರೆಗೆ ಎಲ್ಲವೂ ಶಾಂತವಾಗಿತ್ತು. ಆಮೇಲೆ ಒಳಗಿನದು ಹಿಗ್ಗಿ, ಒತ್ತಡ ತಾಳದೆ ಸಿಲಿಂಡರಿನ ರಕ್ಷಣೆಯ ವಾಲ್ವು ತೆರೆದುಕೊಂಡಿತು.

ನಾನು ಜೀವಮಾನವಿಡೀ ಬೇಡವೆಂದ ಆ ‘ಬುಸ್’ ಇದೆಯಲ್ಲ, ಅದನ್ನು ಅಷ್ಟು ದೊಡ್ಡದಾಗಿ ನಾನೂ ಕೇಳಿರಲಿಲ್ಲ. ಎಣ್ಣೂರಿನ ಕಾಗೆಗಳೆಲ್ಲ ಎದ್ದವು. ಯಾರಿಗೂ ಏನೂ ಆಗಲಿಲ್ಲ, ಅದೊಂದೇ ಪುಣ್ಯ. ಸದ್ದು ನಿಂತ ಮೇಲೆ ಮೇಡಂ ಗೋಡೆಯ ಮರೆಯಿಂದ ತಲೆ ಹೊರಗೆ ಹಾಕಿ ಕೇಳಿದರು, “ಗಾಳಿಗೆ ಬಿಡದ ಮೆಷಿನ್ ಅಂದ್ರಲ್ಲ, ಅದನ್ನು ಯಾವಾಗ ತರ್ತೀರಿ?”

ಮುದಲಾಳಿ ಹೆಗಲು ಒತ್ತಿಕೊಳ್ಳುತ್ತ, “ಸೋಮವಾರ,” ಎಂದರು. ಮೇಡಂಗಲ್ಲ, ನನಗೆ.

ನಾನು ಮೆಷಿನ್ನಿನ ಪಕ್ಕದಲ್ಲೇ ನೆಲಕ್ಕೆ ಕುಸಿದೆ. ಅದರ ಹೊಸ ಗೇಜು ಬಿಸಿಲಿಗೆ ಹೊಳೆಯುತ್ತಿತ್ತು. ಎಲ್ಲ ಮುಗಿದಿತ್ತು. ತಲೆ ಮೇಲೆ ಕೈ ಹೊತ್ತು ನನಗೆ ನಾನೇ, “ಸಾಕಪ್ಪಾ, ಸಾಕು,” ಎಂದು ಗೊಣಗಿಕೊಂಡೆ.

ಅಣ್ಣಾಚಿ ಸದ್ದಿಲ್ಲದೆ ಎದ್ದು ಹೋದರು. ಬರುವಾಗ ಕೈಯಲ್ಲೊಂದು ಗೋಣಿಚೀಲ.

“ಒಣಗಿರೋದು ತಂದಿದೀನಿ ಸಾರ್,” ಎಂದರು ಮೆಲ್ಲಗೆ. “ಮೆಷಿನ್ ಕಟ್ಟೋದಕ್ಕೆ ತಾನೆ?”