ಮಾವನಿಗೂ ಪರ್ಮಿಷನ್ ಇಲ್ಲ

ಈ ಭೂಮಿಯನ್ನು ಸೃಷ್ಟಿಸುವ ಮೊದಲು ದೇವರು ನನ್ನ ಸೋದರಮಾವನನ್ನು ಒಂದು ಮಾತು ಕೇಳಿದ್ದರೆ, ಗಾಳಿಗೆ ಬೀಸುವ ಅನುಮತಿ ಆಫೀಸು ವೇಳೆಯಲ್ಲಿ ಮಾತ್ರ ಸಿಗುತ್ತಿತ್ತು. ಭಾನುವಾರ ರಜೆ! ಸೂರ್ಯನಿಗೆ ನಮ್ಮನ್ನು ನೋಡುವ ಹಕ್ಕು ಇರುತ್ತಿತ್ತೇ ಹೊರತು ಸುಡುವ ಹಕ್ಕಂತೂ ಖಂಡಿತ ಇರುತ್ತಿರಲಿಲ್ಲ. ದಾವಣಗೆರೆಯ ಬೇಸಿಗೆ ಕಂಡವರು ಇದೇ ಒಳ್ಳೆಯ ವ್ಯವಸ್ಥೆ ಎಂದಾರು. ಆದರೆ ಅವರ ಕೈಕೆಳಗೆ ಕಂಪ್ಯೂಟರ್ ಪ್ರೋಗ್ರಾಂ ಬರೆದ ನಮ್ಮನ್ನೊಮ್ಮೆ ಕೇಳಿ ನೋಡಿ!

ಮಾವ ಹರಿಹರದ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿದ್ದವರು. ಅಲ್ಲಿ ಸ್ಪ್ಯಾನರ್ ಬೇಕಾದವನು ಕಿಟಕಿಯಲ್ಲಿ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ಕೊಟ್ಟು ಒಯ್ಯಬೇಕು. ಸ್ಪ್ಯಾನರ್ ಹಿಂದಿರುಗಿದರೆ ಬಿಲ್ಲೆಯೂ ಹಿಂದಿರುಗುತ್ತದೆ. ಸರ್ವೀಸೆಲ್ಲ ಆ ಕಿಟಕಿಯ ಹಿಂದೆ ಕೂತು ಜಗತ್ತನ್ನು ಅನುಮಾನದಿಂದ ನೋಡಿದ ಮಾವ, ತೊಂಬತ್ತರ ದಶಕದ ಕೊನೆಯಲ್ಲಿ ಸ್ವಯಂನಿವೃತ್ತಿ ಪಡೆದು, ಪಿ.ಜೆ. ಬಡಾವಣೆಯಲ್ಲಿ ಒಂದು ಕ್ಲಿನಿಕ್ಕಿನ ಮೇಲಿನ ಮಹಡಿ ಬಾಡಿಗೆಗೆ ಹಿಡಿದು, ಅಂಗಡಿಗಳಿಗೆ ಬಿಲ್ ಹಾಕುವ ಪ್ರೋಗ್ರಾಂ ಮಾಡಿಕೊಡುವ ಸಂಸ್ಥೆ ತೆರೆದರು. ಕಂಪ್ಯೂಟರಿನ ಬಗ್ಗೆ ಅವರಿಗೇನು ಗೊತ್ತಿತ್ತು ಎನ್ನುತ್ತೀರಾ? ಏನೂ ಇಲ್ಲ! ಪ್ರೋಗ್ರಾಂ ಬರೆಯಲು ನಾನಿದ್ದೆ, ಹರಿಹರದಿಂದ ದಿನವೂ ಬಸ್ಸಿನಲ್ಲಿ ಬರುವ ಬಸವರಾಜನಿದ್ದ, ನಮ್ಮಿಬ್ಬರನ್ನೂ ಸೇರಿಸಿದರೆ ಆಗುವಷ್ಟು ಬುದ್ಧಿ ಒಬ್ಬಳಲ್ಲೇ ಇದ್ದ ರೇಣುಕಾ ಇದ್ದಳು. ನಾವು ಬರೆದದ್ದೆಲ್ಲ ಒಂದೇ ಸರ್ವರಿನಲ್ಲಿ ಇರುತ್ತಿತ್ತು.

ಆ ಸರ್ವರ್ ಕೂಡಿಸಲು ಬಂದವನು ಮಾತಿನ ನಡುವೆ ಒಂದು ಮಾತು ಹೇಳಿಬಿಟ್ಟ. "ಇದರಾಗೆ ಯಾರು ನೋಡಬೇಕು, ಯಾರು ತಿದ್ದಬೇಕು, ಯಾರು ಅಳಿಸಬೇಕು ಅಂತ ಹೆಸರು ಹೆಸರಿಗೂ ಬ್ಯಾರೆ ಬ್ಯಾರೆ ಪರ್ಮಿಷನ್ ಕೊಡಬೌದು ಸಾರ್." ಮಾವನ ಮುಖ ಅರಳಿದ್ದನ್ನು ನೋಡಬೇಕಿತ್ತು! ಇಡೀ ಕಂಪ್ಯೂಟರ್ ಶಾಸ್ತ್ರದಲ್ಲಿ ಅವರು ಕಲಿತದ್ದು ಅದೊಂದೇ ವಿದ್ಯೆ, ಆದರೆ ಅದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ರೇಣುಕಾಳಿಗೆ ತಿದ್ದುವ ಹಕ್ಕು ಸಿಕ್ಕಿತು, ಅಳಿಸುವ ಹಕ್ಕಿಲ್ಲ. ಬಸವರಾಜ ದಾಸ್ತಾನಿನ ಭಾಗ ತಿದ್ದಬಹುದು, ಬಿಲ್ಲಿನ ಭಾಗವನ್ನು ನೋಡಿ ಸಂತೋಷಪಡಬಹುದು. ನನಗೆ ಎಲ್ಲವನ್ನೂ ನೋಡುವ ಹಕ್ಕು ಮಾತ್ರ.

"ಮಾವ, ನಾನು ನಿಮ್ಮ ಸ್ವಂತ ಅಳಿಯ!"

"ಅದಕ್ಕೇ ಕಣಲೇ! ನಾಳೆ ಊರಾಗಿನ ಜನ ಏನಂತಾರೆ?"

ಊರ ಜನಕ್ಕೆ ನಮ್ಮ ಸರ್ವರಿನ ಚಿಂತೆ ಯಾಕೆ ಹತ್ತೀತು ಎಂದು ನಾನು ಕೇಳಲಿಲ್ಲ. ಅಲ್ಲಿಂದ ನಾನು ರೇಣುಕಾಳ ಬೆನ್ನ ಹಿಂದೆ ನಿಂತು ಬಾಯಲ್ಲಿ ಹೇಳುವುದು, ಅವಳು ಟೈಪು ಮಾಡುವುದು. ಹೀಗೆ ಪ್ರೋಗ್ರಾಂ ಬರೆದವನು ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಈ ಹುಚ್ಚು ಆಫೀಸಿನಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ನಿಟ್ಟುವಳ್ಳಿಯ ಅವರ ಮನೆಗೆ ಒಮ್ಮೆ ಬೀಗರು ಬಂದಿದ್ದರು. ಪಾಪ, ಬೇಸರಕ್ಕೆ ಟಿ.ವಿ. ಚಾನೆಲ್ ಬದಲಿಸಿದರು. ಮಾವ ವಿನಯದಿಂದ ಕೈಮುಗಿದು, "ಬೀಗರೇ, ನಿಮಗ ನೋಡೋ ಪರ್ಮಿಷನ್ ಅಷ್ಟೇ ಐತ್ರಿ" ಎಂದರು! ಬೀಗರು ಊಟಕ್ಕೂ ನಿಲ್ಲದೆ ಆಟೋ ಹತ್ತಿದರು. ಅಂದು ಅತ್ತೆ ಅಡುಗೆಮನೆಯಿಂದಲೇ ಕೂಗಿದ್ದು ಪಕ್ಕದ ಓಣಿಗೂ ಕೇಳಿಸಿತಂತೆ: "ಇವರನ್ನ ಆ ಟೂಲ್ ರೂಮಿನ ಕಿಟಕಿ ಜೊತೀಗೇ ಲಗ್ನ ಮಾಡಬೇಕಿತ್ತು! ನನ್ನ ಯಾಕ ತಂದ್ರೋ!"

ಕಂಪ್ಯೂಟರಿನ ಕಾವಲು ಮಾವನಿಗೆ ಸಾಲಲಿಲ್ಲ. ಗೋಡೆಗೆ ಒಂದು ಹಲಗೆ ಹೊಡೆಸಿ, ಮೊಳೆಗಳಿಗೆ ಹಿತ್ತಾಳೆ ಬಿಲ್ಲೆಗಳನ್ನು ತೂಗುಹಾಕಿದರು. ಬಿಲ್ಲಿನ ಫೈಲಿಗೊಂದು, ದಾಸ್ತಾನಿನ ಫೈಲಿಗೊಂದು. ಯಾವ ಫೈಲನ್ನು ತಿದ್ದಬೇಕೋ ಅದರ ಬಿಲ್ಲೆ ನಿಮ್ಮ ಮೇಜಿನ ಮೇಲಿರಬೇಕು. ಒಂದು ಸಂಜೆ ಬಸವರಾಜ ದಾಸ್ತಾನಿನ ಬಿಲ್ಲೆಯನ್ನು ಮರೆತು ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿಬಿಟ್ಟ. ಮಾವ ಸ್ಕೂಟರ್ ತೆಗೆದರು. ಹರಿಹರದ ರಸ್ತೆಯಲ್ಲಿ ಆ ಬಸ್ಸನ್ನು ಅಡ್ಡಗಟ್ಟಿ ನಿಲ್ಲಿಸಿ, ಮೆಟ್ಟಿಲ ಮೇಲೆ ಹತ್ತಿ, "ಕೊಡಲೇ ಬಿಲ್ಲೆ!" ಎಂದು ಅಬ್ಬರಿಸಿದರಂತೆ. ಬಸ್ಸಿನಲ್ಲಿದ್ದವರು ಬಸವರಾಜ ಯಾರದೋ ಒಡವೆ ಕದ್ದಿದ್ದಾನೆ ಎಂದು ತಿಳಿದು ಅವನ ಕಾಲರ್ ಹಿಡಿದುಕೊಂಡರು. ಕಂಡಕ್ಟರ್ ಬಿಡಿಸದಿದ್ದರೆ ನಾಲ್ಕು ಏಟೂ ಬೀಳುತ್ತಿದ್ದವು.

ಬಸವರಾಜನ ಪರ್ಮಿಷನ್ ಒಂದು ವಾರ ರದ್ದಾಯಿತು. ನೋಡುವ ಹಕ್ಕೂ ಸೇರಿ!

ಮರುದಿನ ರೇಣುಕಾಳ ಸರದಿ. ಆಫೀಸಿನಲ್ಲಿ ಯಾರಾದರೂ ಪಾಸ್‌ವರ್ಡ್ ಹೊಡೆಯುವಾಗ ಉಳಿದವರೆಲ್ಲ ಎದ್ದು ಗೋಡೆಗೆ ಮುಖ ಮಾಡಿ ನಿಲ್ಲಬೇಕೆಂಬುದು ನಿಯಮ. ಮಾವ "ಆತು" ಎನ್ನುವ ಮೊದಲೇ ರೇಣುಕಾ ತಿರುಗಿಬಿಟ್ಟಳು. "ಮೂಗಿನ ಹತ್ರ ಹಲ್ಲಿ ಬಂತು ಸಾರ್" ಎಂದಳು. ಹಲ್ಲಿಗೆ ನಿಯಮದಲ್ಲಿ ಜಾಗವಿರಲಿಲ್ಲ, ಅವಳದೂ ರದ್ದು. ಅದನ್ನು ನೋಡಿ ನಕ್ಕಿದ್ದಕ್ಕೆ ನನ್ನದೂ ರದ್ದು. ಅದೇ ಸಂಜೆ ಮನೆಗೆ ಹೋಗಿ ಅಂಗಿ ಬಿಚ್ಚಿದ ಮಾವನ ಜೇಬಿನಿಂದ ಬಿಲ್ಲಿನ ಫೈಲಿನ ಬಿಲ್ಲೆ ಠಣ್ ಎಂದು ಕೆಳಗೆ ಬಿತ್ತು! ಬೇರೆ ಯಾರಾದರೂ ಆಗಿದ್ದರೆ ಸುಮ್ಮನೆ ತಂದು ತೂಗುಹಾಕುತ್ತಿದ್ದರು. ಮಾವ ಅಂಗಿ ಮತ್ತೆ ತೊಟ್ಟು ಆಫೀಸಿಗೆ ಬಂದು, ನ್ಯಾಯ ಎಲ್ಲರಿಗೂ ಒಂದೇ ಎಂದು ತಮ್ಮ ಪರ್ಮಿಷನ್ನನ್ನೂ ತಾವೇ ಕಿತ್ತುಹಾಕಿ, ಮನೆಗೆ ಹೋಗಿ ಸಮಾಧಾನದಿಂದ ಮಲಗಿದರು. ಕಿತ್ತದ್ದನ್ನು ಮತ್ತೆ ಕೊಡುವ ಹಕ್ಕೂ ಅದರ ಜೊತೆಗೇ ಹೋಯಿತೆಂಬುದು ಅವರಿಗೆ ಹೊಳೆಯಲಿಲ್ಲ.

ಬೆಳಿಗ್ಗೆ ಫೋನು ಬಂತು. ನಮ್ಮ ದೊಡ್ಡ ಗಿರಾಕಿ, ಒಬ್ಬರು ಜವಳಿ ಸಾಹುಕಾರರು. ಅವರು ಕೈಬಿಟ್ಟರೆ ನಮ್ಮ ಸಂಸ್ಥೆಗೆ ಬಾಗಿಲು ಹಾಕುವುದೊಂದೇ ದಾರಿ. ದೀಪಾವಳಿ ವ್ಯಾಪಾರದ ಮೊದಲ ದಿನ, ಹಬ್ಬದ ರಿಯಾಯಿತಿಯನ್ನು ಬಿಲ್ಲಿಗೆ ಹೊಸದಾಗಿ ಸೇರಿಸಿಕೊಟ್ಟಿದ್ದೆವು.

"ಏನ್ರೀ ಇದು! ರಿಯಾಯಿತಿ ಕಳೀರಿ ಅಂದ್ರೆ ಕೂಡಸ್ತೈತಲ್ರೀ ನಿಮ್ಮ ಡಬ್ಬಿ! ಹೆಣ್ಮಕ್ಕಳು ಸೀರಿ ನನ್ನ ಮೈಮ್ಯಾಲೆ ಎಸದು ಹೋಗಾಕ ಹತ್ಯಾರ. ಮಧ್ಯಾಹ್ನದೊಳಗ ಸರಿ ಮಾಡ್ಲಿಲ್ಲ ಅಂದ್ರ ನಿಮ್ಮ ಡಬ್ಬಿ ನೀವು ಹೊತ್ಕೊಂಡು ಹೋಗ್ರಿ!"

ಒಂದು ಪ್ಲಸ್ ಇದ್ದಲ್ಲಿ ಮೈನಸ್ ಹಾಕಬೇಕು. ಒಂದೇ ಒಂದು ಅಡ್ಡ ಗೆರೆ! ನಾವು ನಾಲ್ವರೂ ಅಲ್ಲೇ ಕೂತಿದ್ದೆವು, ಅದನ್ನು ಹಾಕಲು ಒಬ್ಬರಿಗೂ ಪರ್ಮಿಷನ್ ಇರಲಿಲ್ಲ. ಮಾವ ಕುರ್ಚಿಯಲ್ಲಿ ಕುಸಿದರು. ನಿವೃತ್ತಿಯ ದುಡ್ಡೆಲ್ಲ ಹಾಕಿ ಕಟ್ಟಿದ್ದ ಸಂಸ್ಥೆ.

ಆಗ ರೇಣುಕಾ ಮೆಲ್ಲಗೆ ಅಂದಳು, "ಸಾರ್, ಅಮ್ಮಾವ್ರು ಅದಾರಲ್ಲ?"

ಸರಿ! ಸರ್ವರ್ ಕೂಡಿಸಿದ ದಿನ ಪೂಜೆಗೆಂದು ಅತ್ತೆ ಆರತಿ ತಟ್ಟೆ ಹಿಡಿದು ಬಂದಿದ್ದರು. ಪೂರ್ಣ ಅಧಿಕಾರ ಇಬ್ಬರಿಗಾದರೂ ಇರಲಿ ಎಂದು ಕೂಡಿಸುವವನು ಹೇಳಿದಾಗ ಮಾವ ನಮ್ಮ ಮೂವರನ್ನೂ ಮೇಲಿಂದ ಕೆಳಗೆ ನೋಡಿ, ಯಾರ ಮೇಲೂ ನಂಬಿಕೆ ಬಾರದೆ, ಅತ್ತೆಯ ಹೆಸರು ಬರೆಸಿದ್ದರು. ಆಮೇಲೆ ಎಲ್ಲರೂ ಮರೆತೂ ಬಿಟ್ಟಿದ್ದೆವು.

ಅತ್ತೆ ಆಟೋದಲ್ಲಿ ಬಂದರು, ಸೆರಗಿಗೆ ಕೈ ಒರೆಸಿಕೊಳ್ಳುತ್ತಲೇ. ಕುರ್ಚಿಯಲ್ಲಿ ಕೂತರು. ನಾವು ನಾಲ್ವರೂ ಎದ್ದು ಗೋಡೆಗೆ ಮುಖ ಮಾಡಿ ನಿಂತೆವು.

"ಇದ್ರಾಗೆ 'ಕೆ' ಎಲ್ಲೈತ್ರಿ?"

"ಅಕ್ಷರ ಹೇಳಬ್ಯಾಡ!" ಎಂದು ಕಿರುಚಿದ ಮಾವ ಎರಡೂ ಕಿವಿ ಮುಚ್ಚಿಕೊಂಡರು. ಸಂಸ್ಥೆ ಮುಳುಗುತ್ತಿದ್ದರೂ ನಿಯಮ ನಿಯಮವೇ!

ಅಂತೂ ಸರ್ವರಿನ ಬಾಗಿಲು ತೆರೆಯಿತು. ಯಾರಿಗೆ ಎಷ್ಟು ಹಕ್ಕು ಕೊಡಬೇಕೆಂದು ರೇಣುಕಾ ಕೇಳಿದಳು. "ಪಂಕ್ತಿಗೆ ಕುಂತ ಮ್ಯಾಲೆ ಒಬ್ರಿಗೆ ಹೋಳಿಗಿ, ಒಬ್ರಿಗೆ ಬರೇ ಎಲಿ ಅಂತ ಐತೇನವಾ? ಎಲ್ಲಾರಿಗೂ ಎಲ್ಲಾನೂ ಹಾಕು" ಎಂದರು ಅತ್ತೆ. ಮೈನಸ್ ಬಿತ್ತು. ಬಸವರಾಜ ಫ್ಲಾಪಿ ಹಿಡಿದು ಜವಳಿ ಅಂಗಡಿಗೆ ಓಡಿದ. ಗಿರಾಕಿ ಉಳಿದರು, ನಾವೂ ಉಳಿದೆವು.

ಇನ್ನಾದರೂ ಮಾವ ಬುದ್ಧಿ ಕಲಿತರೇ? ಹೊಸ ನಿಯಮ ಬಂತು! ಸಂಜೆಯಾದರೆ ಎಲ್ಲರ ಪರ್ಮಿಷನ್ ರದ್ದು. ಬೆಳಿಗ್ಗೆ ಅತ್ತೆ ಬಂದು ಕೊಟ್ಟರೇ ಕೆಲಸ ಶುರು. ದಿನವೂ ನಿಟ್ಟುವಳ್ಳಿಯಿಂದ ಆಟೋ, ದಿನವೂ ಊಟದ ಕ್ಯಾರಿಯರ್, ಸಂಜೆ ಮಾವನ ಸ್ಕೂಟರಿನ ಹಿಂದೆ ಕೂತು ವಾಪಸು. ಕೆಲವು ತಿಂಗಳು ತಡೆದುಕೊಂಡೆ. ಒಂದು ಮಧ್ಯಾಹ್ನ ಅತ್ತೆ ಕೈ ತೊಳೆಯಲು ಹೋದಾಗ ಹೇಳಿಯೇಬಿಟ್ಟೆ.

"ಮಾವ, ಒಮ್ಮೆ ಕೊಟ್ರೆ ಸಾಕು, ಅದು ಹಂಗೇ ಇರ್ತೈತೆ. ಅತ್ತೇನ ಯಾಕ ದಿನಾ ಓಡಾಡಿಸ್ತೀರಿ?"

"ಗೊತ್ತೈತೆ, ಸುಮ್ನಿರಲೇ." ಮಾವ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಸರ್ವೀಸು ಪೂರ್ತಿ ಪಾಳಿ ಮ್ಯಾಲೆ ಪಾಳಿ ಮಾಡಿದೆ. ಆಕಿ ಡಬ್ಬಿ ಕಟ್ಟಿ ಕೊಡ್ತಿದ್ಲು, ನಾ ತಗೊಂಡು ಹೋಗ್ತಿದ್ದೆ. ಆಕಿ ಕುಂತು ಉಣ್ಣೋದನ್ನ ಒಂದಿನಾನೂ ಕಣ್ಣಾರೆ ನೋಡಿಲ್ಲ ಕಣಲೇ. ಸುಮ್ನೆ ಬಾ ಅಂತ ಕರಿಯಾಕೆ ಈ ವಯಸ್ಸಿನಾಗೆ ನಾಚಿಕಿ ಆಗ್ತೈತೆ. ಆಕಿಗೆ ಹೇಳಬ್ಯಾಡ."

ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಈ ಮನುಷ್ಯನಿಗೆ ಒಂದು ಸರ್ವರೇ ಬೇಕಾಯಿತಲ್ಲ ಎಂದು ನಗಬೇಕೆಂದುಕೊಂಡವನು, ಎದ್ದು ಅತ್ತೆಯ ಕುರ್ಚಿಯನ್ನು ಮಾವನ ಪಕ್ಕಕ್ಕೆ ಸರಿಸಿಟ್ಟೆ. ಅತ್ತೆ ಬಂದು ಕೂತು, ರೊಟ್ಟಿ ಬಿಡಿಸಿ, ರೂಢಿಯಂತೆ ಮೊದಲು ಮಾವನ ತಟ್ಟೆಗೆ ಹಾಕಿದರು. ಮಾವ ಅದನ್ನೆತ್ತಿ ಆಕೆಯ ತಟ್ಟೆಗಿಟ್ಟರು.

"ಇವತ್ತು ನೀ ಮೊದ್ಲು ಉಣ್ಣು."