‘ಕಚ್ಚಾ’ ಕಿಟಕಿಯೊಳಗಿನ ಮಹನೀಯರಿಗೆ ಒಂದು ದೂರು

ಮಾನ್ಯ ಮೇಡಂ,

ಆಕ್ಲೆಂಡಿನ ದಕ್ಷಿಣ ತುದಿಯ ಪಾಪಕುರಾದಿಂದ ವಾಸುದೇವ್ ಕಟ್ಟಿ ಎಂಬ ನಾನು ಮಾಡುವ ಅನಂತ ವಂದನೆಗಳು. ತಾವೂ, ತಮ್ಮ ಕಿಟಕಿಯ ಗಾಜೂ, ಆ ಗಾಜಿನ ಹಿಂದೆ ಇದ್ದ ಹೂವಿನ ಕುಂಡವೂ ಕ್ಷೇಮವೆಂದು ಭಾವಿಸುತ್ತೇನೆ. ತಮ್ಮ ಹೆಸರು ನನಗೆ ತಿಳಿಯದು. ತಮ್ಮ ಊರಿನ ಹೆಸರನ್ನು ಓದಲು ನನ್ನಿಂದಾಗಲಿಲ್ಲ. ತಮ್ಮ ಕಿಟಕಿಯ ಮೇಲೆ ಮಾತ್ರ ಇಂಗ್ಲಿಷಿನ ಕೆ, ಎ, ಸಿ, ಸಿ, ಎ ಎಂಬಂತೆ ಕಾಣುವ ಐದಕ್ಷರಗಳಿದ್ದವು. ಅದನ್ನು ‘ಕಚ್ಚಾ’ ಎಂದು ಓದಿಕೊಂಡ ನಾನು, ಇಲ್ಲಿಯ ಕೆಲಸವಿನ್ನೂ ಪಕ್ಕಾ ಆಗಿಲ್ಲವೆಂದು ಪ್ರಾಮಾಣಿಕವಾಗಿ ಸೂಚನಾಫಲಕ ಹಾಕಿದ್ದಾರಲ್ಲಾ ಎಂದು ತಮ್ಮ ರೈಲ್ವೆ ಇಲಾಖೆಯನ್ನು ಮನಸಾರೆ ಮೆಚ್ಚಿಕೊಂಡಿದ್ದೆ.

ದೂರುಗಾರನ ಯೋಗ್ಯತೆಯನ್ನು ಮೊದಲೇ ಹೇಳಿಬಿಡುವುದು ಸಭ್ಯತೆ. ನಾನು ಹುಬ್ಬಳ್ಳಿಯಲ್ಲಿ ಓದಿ, ಇಲ್ಲಿ ಔಷಧದಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿದ್ದೇನೆ. ಕರ್ನಾಟಕದಿಂದ ಹೊಸದಾಗಿ ಬಂದ ನರ್ಸ್‌ಗಳಿಗೆ ಶನಿವಾರಗಳಂದು ಉಚಿತವಾಗಿ ಇಂಗ್ಲಿಷ್ ಹೇಳಿಕೊಡುತ್ತೇನೆ, ಅವರು ಕೇಳದಿದ್ದಾಗಲೂ ಹೇಳಿಕೊಡುತ್ತೇನೆ. ವೃದ್ಧರ ಆರೈಕೆ ಮನೆಯಲ್ಲಿ ನರ್ಸ್ ಆಗಿರುವ ನನ್ನ ಹೆಂಡತಿ ಅರುಂಧತಿಯ ಉಚ್ಚಾರವನ್ನು ಹದಿನಾರು ವರ್ಷಗಳಿಂದ ಊಟದ ಮೇಜಿನಲ್ಲೇ ತಿದ್ದುತ್ತ ಬಂದಿದ್ದೇನೆ. ಹೀಗಿರುವಾಗ 2019ರ ಜೂನ್‌ನಲ್ಲಿ ನಾವಿಬ್ಬರೂ ರಷ್ಯಾದ ನಗರಗಳನ್ನು ನೋಡಲು ಹೊರಟಾಗ, ಆಕೆ ಪಾಪಕುರಾದ ಲೋಕಲ್ ರೈಲಿನಲ್ಲಿ ಕುಳಿತು ರಷ್ಯನ್ ಅಕ್ಷರಮಾಲೆಯನ್ನು ಬಾಯಿಪಾಠ ಮಾಡುತ್ತಿದ್ದುದು ನನಗೆ ವೈಯಕ್ತಿಕ ಅವಮಾನದಂತೆ ಕಂಡದ್ದರಲ್ಲಿ ಆಶ್ಚರ್ಯವೇನಿದೆ?

ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹೋಟೆಲಿನ ಹುಡುಗಿ ನನಗಿಂತ ಚೆನ್ನಾಗಿ ಇಂಗ್ಲಿಷ್ ಆಡಿ, ಈ ದೇಶದಲ್ಲಿ ಇಂಗ್ಲಿಷೇ ಸಾಕೆಂಬ ಭ್ರಮೆ ಹುಟ್ಟಿಸಿ ನನ್ನನ್ನು ಹಾಳು ಮಾಡಿದಳು. ಮಾಸ್ಕೋದ ಮೆಟ್ರೋದಲ್ಲಿ ನಾನು ದಾರಿ ಕೇಳಿದ ಹಿರಿಯರೊಬ್ಬರು ತುಟಿ ಬಿಚ್ಚದೆ ನನ್ನ ತೋಳು ಹಿಡಿದು ಸರಿಯಾದ ಪ್ಲಾಟ್‌ಫಾರ್ಮಿನವರೆಗೆ ನಡೆಸಿ, ಹಾಗೆಯೇ ಹೊರಟುಹೋದರು. ಅದು ನನ್ನ ವಾಕ್ಯರಚನೆಯ ಪ್ರಭಾವವೆಂದು ನಾನು ಅರುಂಧತಿಗೆ ವಿವರಿಸಿದೆ.

ಮರುದಿನ ಬೆಳಿಗ್ಗೆ ಕಜಾನ್‌ಗೆ ರೈಲು ಹತ್ತಿದೆವು. ಮಧ್ಯಾಹ್ನದ ಹೊತ್ತಿಗೆ ತಮ್ಮ ನಿಲ್ದಾಣ ಬಂತು. ಪ್ಲಾಟ್‌ಫಾರ್ಮಿನಲ್ಲಿ ಅಜ್ಜಿಯೊಬ್ಬರು ಸ್ಟ್ರಾಬೆರಿ ಮಾರುತ್ತಿದ್ದುದನ್ನು ಕಂಡು ನಾನು ಇಳಿಯುವಾಗ, ಬೋಗಿಯ ಬಾಗಿಲಲ್ಲಿದ್ದ ಸಿಬ್ಬಂದಿ ಮಹಿಳೆ ಎರಡು ಬೆರಳೆತ್ತಿ “ದ್ವೇ ಮಿನೂತಿ!” ಎಂದರು. ದ್ವಿಚಕ್ರ, ದ್ವಿಪಾತ್ರ, ದ್ವಿತೀಯ ಪಿಯುಸಿ ಎಂದೆಲ್ಲ ಕೇಳಿ ಬೆಳೆದ ಕಿವಿ ಇದು. ಎರಡು ನಿಮಿಷವೆಂದು ಯಾವ ದಡ್ಡನಿಗಾದರೂ ತಿಳಿಯುತ್ತಿತ್ತು. ಆದರೆ ನಾನು ಇಂಗ್ಲಿಷ್ ಬಲ್ಲವನು. ಎರಡು ಬೆರಳಿಗೆ ಎರಡು ಬೆರಳು ತೋರಿಸಿ ಧನ್ಯವಾದ ಹೇಳಿ, ಅಜ್ಜಿಯ ಬಳಿ ಹೋಗಿ, ಹಣ್ಣು ಇಲ್ಲಿಯದೋ, ತೊಳೆದದ್ದೋ, ಔಷಧ ಸಿಂಪಡಿಸಿದ್ದೋ ಎಂದು ಮೂರು ಉಪವಾಕ್ಯಗಳ ಒಂದು ಪ್ರಶ್ನೆಯನ್ನು ಕೇಳಲಾರಂಭಿಸಿದೆ. ಮೂರನೆಯ ಉಪವಾಕ್ಯದಲ್ಲಿರುವಾಗ ರೈಲು ಹೊರಟಿತು.

ಪಾಸ್‌ಪೋರ್ಟು ಅರುಂಧತಿಯ ಚೀಲದಲ್ಲಿತ್ತು, ಫೋನು ಬರ್ತಿನ ಮೇಲೆ ಚಾರ್ಜಾಗುತ್ತಿತ್ತು. ನಾನು ಚಡ್ಡಿ ಮತ್ತು ನ್ಯೂಜಿಲೆಂಡಿಗರು ಜಾಂಡಲ್ ಎನ್ನುವ ಹವಾಯಿ ಚಪ್ಪಲಿಯಲ್ಲಿ, ಅಜ್ಜಿ ಕೈಗಿತ್ತ ಒಂದು ಲೋಟ ಸ್ಟ್ರಾಬೆರಿ ಹಿಡಿದು, ರೈಲಿನ ಹಿಂದೆ ಓಡಿ ಸೋತು ನಿಂತಿದ್ದೆ. ಆದರೂ ತಮ್ಮ ಕಿಟಕಿಯ ಮುಂದಿನ ಸರದಿಯಲ್ಲಿ ಇಪ್ಪತ್ತು ನಿಮಿಷ ಶಿಸ್ತಾಗಿ ನಿಂತೆ, ಆಕ್ಲೆಂಡಿನ ಅಭ್ಯಾಸ.

ತಾವು ನನ್ನನ್ನು ನೋಡಿದೊಡನೆ “ನ್ಯೆತ್”, ಅಂದರೆ ಇಲ್ಲ, ಎಂದಿರಿ. ನಾನಿನ್ನೂ ಬಾಯಿ ತೆರೆದಿರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು. ನನ್ನ ರೈಲು ಹೊರಟುಹೋಯಿತೆಂದು ನಾನು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದೆ. ತಾವು ಮತ್ತೆ ತಲೆಯಾಡಿಸಿದಿರಿ. ನಾನು ಗಟ್ಟಿಯಾಗಿ ಹೇಳಿದೆ. ತಾವು ನನಗಿಂತ ಗಟ್ಟಿಯಾಗಿ ರಷ್ಯನ್‌ನಲ್ಲಿ ಹೇಳಿದಿರಿ. ಹಿಂದೆ ನಿಂತವರು ಮರುಕದಿಂದ ನೋಡತೊಡಗಿದರು. ಗೊತ್ತಿದ್ದ ಇಂಗ್ಲಿಷೂ ಮರೆತುಹೋದ ಆ ಗಳಿಗೆಯಲ್ಲಿ ನನಗೆ ನೆನಪಾದದ್ದು ಪ್ರತೀಕ್ಷಾ ಎಂಬ ರಾಯಚೂರಿನ ನರ್ಸ್. ಇಪ್ಪತ್ತು ಜನರ ಮುಂದೆ ಅವಳನ್ನು ನಿಲ್ಲಿಸಿ, ಒಂದೇ ವಾಕ್ಯವನ್ನು ಗಟ್ಟಿಯಾಗಿ, ಇನ್ನೂ ಗಟ್ಟಿಯಾಗಿ ಎಂದು ಐದು ಸಲ ಹೇಳಿಸಿದ್ದೆ. “ಸರ್, ನಂಗ ಎಲ್ಲಾ ಗೊತ್ತೈತ್ರಿ, ಬಾಯಿಗೆ ಬರವಲ್ದು,” ಎಂದಿದ್ದಳು. ಮುಂದಿನ ಶನಿವಾರ ಅವಳು ಬರಲಿಲ್ಲ. ಸೋಮಾರಿ ಎಂದುಕೊಂಡಿದ್ದೆ.

ಅಷ್ಟರಲ್ಲಿ ತಾವು ಕಿಟಕಿಯನ್ನು ಠಪ್ಪೆಂದು ಮುಚ್ಚಿದಿರಿ. ಇನ್ನು ನನ್ನ ಕತೆ ಮುಗಿಯಿತೆಂದು ನಾನು ಬೆಂಚಿನ ಮೇಲೆ ಕುಸಿದೆ. ಪಕ್ಕದ ಬಾಗಿಲು ತೆರೆಯಿತು. ಒಂದು ಕೈಯಲ್ಲಿ ಹೊಗೆಯಾಡುವ ಗಾಜಿನ ಲೋಟ, ಇನ್ನೊಂದರಲ್ಲಿ ಫೋನು ಹಿಡಿದು ತಾವು ಹೊರಬಂದು, “ಚಾಯ್?” ಎಂದಿರಿ.

“ಚಾ!” ಎಂದೆ ನಾನು. ಹುಬ್ಬಳ್ಳಿ ಬಿಟ್ಟ ಮೇಲೆ ಆಡಿರದ ಪದ. ಅದೇ ನಮ್ಮಿಬ್ಬರ ಏಕೈಕ ಸಂಭಾಷಣೆ, ಮತ್ತು ಅದರಲ್ಲಿ ವ್ಯಾಕರಣದೋಷವಿರಲಿಲ್ಲ.

ಫೋನಿನಲ್ಲಿ ಅರುಂಧತಿಯಿದ್ದಳು. “ಅಲ್ಲಾ, ಸುಮ್ಮ ಕೂಡ್ರಿ. ನಾಲ್ಕ ಗಂಟೆಕ್ಕ ಇನ್ನೊಂದ ರೈಲ ಅದ, ಅವರ ಹತ್ತಸ್ತಾರ. ನೀವೇನೂ ಮಾತಾಡಬ್ಯಾಡ್ರಿ. ಇಂಗ್ಲಿಷ್ ಅಂತೂ ಮೊದಲ ಬ್ಯಾಡ.” ಹದಿನಾರು ವರ್ಷದಲ್ಲಿ ಮೊದಲ ಬಾರಿಗೆ ನಾನು ಅವಳ ಮಾತಿನಲ್ಲಿ ತಿದ್ದಲು ಏನನ್ನೂ ಹುಡುಕಲಿಲ್ಲ.

ನಡೆದದ್ದು ಇಷ್ಟು: ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡ ವೃದ್ಧರೊಡನೆ ದಿನವಿಡೀ ಮಾತಾಡುವ ನನ್ನ ಹೆಂಡತಿ, ಬೋಗಿಯ ಸಿಬ್ಬಂದಿ ಮಹಿಳೆಗೆ ನನ್ನ ಖಾಲಿ ಬೂಟುಗಳನ್ನೆತ್ತಿ ತೋರಿಸಿ, ಹಿಂದೆ ಸರಿಯುತ್ತಿದ್ದ ನಿಲ್ದಾಣದತ್ತ ಕೈಮಾಡಿದ್ದಾಳೆ. ಆ ಮಹಿಳೆ ತಮಗೆ ಫೋನು ಮಾಡಿದ್ದಾರೆ. ಅಂದರೆ ನಾನು ಸರದಿಯ ತುದಿ ತಲುಪುವ ಮೊದಲೇ ತಮಗೆ ಎಲ್ಲವೂ ಗೊತ್ತಿತ್ತು. ತಮ್ಮ “ನ್ಯೆತ್” ಎಂದರೆ ‘ಹೊಸ ಟಿಕೆಟ್ ಬೇಡ’ ಎಂದರ್ಥ. ನನ್ನ ಅಷ್ಟೂ ಭಾಷಣ ವ್ಯರ್ಥವಾಗಲು ಬಿಟ್ಟಿರಲ್ಲಾ, ಇದು ನ್ಯಾಯವೇ?

ನನ್ನ ಘೋರ ಆಕ್ಷೇಪವಿರುವುದು ತಾವು ಒಂದು ಚೀಟಿ ಬರೆದು, ಶಿಶುವಿಹಾರದ ಮಗುವಿಗೆ ಮಾಡುವಂತೆ ನನ್ನ ಅಂಗಿಗೆ ಪಿನ್ನು ಚುಚ್ಚಿ ಸಿಕ್ಕಿಸಿದ್ದಕ್ಕೆ. ಮುಂದಿನ ರೈಲಿನಲ್ಲಿ ಅದನ್ನು ಓದಿದವರೆಲ್ಲ ನನಗೆ ಸೌತೆಕಾಯಿ, ಬ್ರೆಡ್ಡು, ಚಹಾ ಕೊಟ್ಟರು. ನಾನು ಬಾಗಿಲ ಕಡೆ ಹೆಜ್ಜೆಯಿಟ್ಟಾಗಲೆಲ್ಲ ಹಿಡಿದು ಕೂರಿಸಿದರು. ಕಜಾನಿನಲ್ಲಿ ಕಾಯುತ್ತಿದ್ದ ಅರುಂಧತಿ ಅದನ್ನು ಹೋಟೆಲಿನವರಿಂದ ಓದಿಸಿದಳು: ‘ಒಳ್ಳೆಯವನು. ಹೆಂಡತಿ ಕಜಾನಿನಲ್ಲಿದ್ದಾಳೆ. ಹಸಿದಿದ್ದಾನೆ. ಇಳಿಯಲು ಬಿಡಬೇಡಿ.’ ಅವಳು ಅತ್ತು, ಆಮೇಲೆ ಹೊಟ್ಟೆ ಹಿಡಿದು ನಕ್ಕಳು. ನಕ್ಕು ಮುಗಿಸಿ, “ಅದು ಕಚ್ಚಾ ಅಲ್ರೀ, ಕಾಸ್ಸಾ. ಕಾಸ ಕೊಡೋ ಜಾಗಾ,” ಎಂದಳು.

ಆಕ್ಲೆಂಡಿಗೆ ಮರಳಿದ ವಾರವೇ ಪ್ರತೀಕ್ಷಾಳ ಮನೆಗೆ ಹೋದೆ. ಬಾಗಿಲಲ್ಲಿ ನಿಂತು, ತಪ್ಪಾಯಿತಮ್ಮ ಎಂದು ಕನ್ನಡದಲ್ಲೇ ಹೇಳಿದೆ. ಅವಳು ಒಳಗೆ ಕರೆದಳು. ಈಗ ಶನಿವಾರದ ತರಗತಿಯ ಮೊದಲರ್ಧವನ್ನು ಅರುಂಧತಿ ತೆಗೆದುಕೊಳ್ಳುತ್ತಾಳೆ, ಅದರಲ್ಲಿ ಯಾರೂ ಯಾರಿಗೂ ಗಟ್ಟಿಯಾಗಿ ಹೇಳುವಂತಿಲ್ಲ. ಪ್ರತೀಕ್ಷಾ ಈಗ ಆಕ್ಲೆಂಡಿನದೇ ಬಾಟನಿ ಡೌನ್ಸ್‌ನ ಆರೈಕೆ ಮನೆಯೊಂದರಲ್ಲಿ ನರ್ಸ್ ಆಗಿದ್ದಾಳೆ. ಶಿಕ್ಷಕನಾಗಿ ನನ್ನ ಹೆಸರು ಹೀಗೆ ಕೆಟ್ಟದ್ದಕ್ಕೆ ತಾವೇ ಹೊಣೆ.

ಆದಕಾರಣ, ಇಂಗ್ಲಿಷ್ ಬಲ್ಲ ಪ್ರವಾಸಿಯ ವಾಕ್ಯ ಪೂರ್ಣವಿರಾಮ ತಲುಪುವವರೆಗೆ ತಮ್ಮ ದೇಶದ ಯಾವ ರೈಲೂ ಹೊರಡದಂತೆ ಆಜ್ಞೆ ಹೊರಡಿಸಬೇಕೆಂದೂ, ಅದು ಸಾಧ್ಯವಾಗದಿದ್ದಲ್ಲಿ ಅಂಥ ಪ್ರವಾಸಿಗಳಿಗೆ ಗಡಿಯಲ್ಲೇ ಚೀಟಿ ಸಿಕ್ಕಿಸಿ ಒಳಬಿಡಬೇಕೆಂದೂ ಸವಿನಯವಾಗಿ ಪ್ರಾರ್ಥಿಸುವ,

ತಮ್ಮ ವಿಶ್ವಾಸಿ,
ವಾಸುದೇವ್ ಕಟ್ಟಿ

ಮರೆತ ಮಾತು: ಇಲ್ಲೇ ಹುಟ್ಟಿದ ಮಗಳು ಸ್ಮೃತಿ ಈ ಪತ್ರವನ್ನು ಅನುವಾದ ಯಂತ್ರಕ್ಕೆ ಹಾಕಿ ರಷ್ಯನ್ ಮಾಡಿಸಿದಳು. “ಅಪ್ಪಾ, ಇಟ್ ಸೇಸ್ ಯು ಆರ್ ಹರ್ ಲಿಟಲ್ ಬ್ರದರ್,” ಎಂದಳು. ‘ತಮ್ಮ ವಿಶ್ವಾಸಿ’ ಎಂಬುದನ್ನು ಯಂತ್ರವು ‘ವಿಶ್ವಾಸವುಳ್ಳ ಕಿರಿಯ ಸಹೋದರ’ ಎಂದು ಮಾಡಿಬಿಟ್ಟಿತ್ತು. ಸರಿಪಡಿಸಲೇ ಎಂದು ಕೇಳಿದಳು. ಬೇಡವೆಂದೆ. ಪ್ರವಾಸಿಯ ದೂರಿಗೆ ತಾವು ಉತ್ತರಿಸದಿದ್ದರೂ ನಡೆದೀತು, ತಮ್ಮನ ಕಾಗದಕ್ಕೆ ಉತ್ತರಿಸದಿದ್ದರೆ ಚೆನ್ನಾಗಿರುವುದಿಲ್ಲ. ರಷ್ಯನ್‌ನಲ್ಲೇ ಬರೆಯಿರಿ, ಓದಿ ಹೇಳಲು ನಿಮ್ಮ ನಾದಿನಿ ಇದ್ದಾಳೆ.