ಹಿರಿಯರು ನಕ್ಕ ದಿನದ ಹಣೆಪಟ್ಟಿ ಕುರಿತು

ಗ್ರಾಮ ವಾಚನಾಲಯಗಳ ಇಲಾಖೆ
ಅಕ್-ತೆರೆಕ್ ಕಣಿವೆ, ನರಿನ್ ಹೊಳೆಯ ಮೇಲ್ದಂಡೆ
ಸಂಖ್ಯೆ: ಗ್ರಾವಾ/ಹಪ/೧೭/ತಿದ್ದಿದ್ದು/ಮತ್ತೆ ತಿದ್ದಿದ್ದು

ವಿಷಯ: ಓದುಗರು ಉಳಿಸಿಟ್ಟ ಬುಕ್‌ಮಾರ್ಕುಗಳಿಗೆ ಪತ್ರಿಕೆಯ ಪ್ರಕಾಶಕರು ಹಣೆಪಟ್ಟಿ ಸೂಚಿಸಬಹುದೇ ಎಂಬ ಬಗ್ಗೆ.

ಉಲ್ಲೇಖ: ಇದೇ ಕಚೇರಿಯ ಸುತ್ತೋಲೆ ೧೬; ವಾಚನಾಲಯ ಪಾಲಕ ತಾಬಾಲ್ದಿಯವರ ವರದಿ, ಚಹಾದ ಕಲೆ ಸಹಿತ.

೧. ವಾಚನಾಲಯದ ಕಂಪ್ಯೂಟರಿನಲ್ಲಿ ಜಿಲ್ಲಾ ಪತ್ರಿಕೆಯ ಹಳೆಯ ಪುಟಗಳನ್ನು ಓದುವವರು ಬೇಕಾದ ಪುಟವನ್ನು ಉಳಿಸಿಟ್ಟು, ತಮಗೆ ತೋಚಿದ ಹಣೆಪಟ್ಟಿ ಅಂಟಿಸುವುದು ರೂಢಿ. "ಸೊಸೆಗೆ ತೋರಿಸುವುದು", "ಸುಳ್ಳು, ಆದರೂ ಇರಲಿ" ಮುಂತಾದ ಹಣೆಪಟ್ಟಿಗಳಲ್ಲಿ ಶಿಸ್ತಿಲ್ಲವೆಂದು ಪ್ರಕಾಶಕರು ದೂರಿದ್ದರಿಂದ, ಅವರು ಸೂಚಿಸಿದ್ದೇ ಕಡ್ಡಾಯವೆಂದು ಸುತ್ತೋಲೆ ೧೬ರಲ್ಲಿ ಆಜ್ಞಾಪಿಸಲಾಗಿತ್ತು. ಆ ಹಣೆಪಟ್ಟಿಯನ್ನು ಬುಕ್‌ಮಾರ್ಕಿನ ಒಡೆಯರೇ ಸ್ವಂತ ಬೆರಳಿನಿಂದ ಒತ್ತಿ ಬರೆದರೆ ಮಾತ್ರ ಪುಟ ತೆರೆಯತಕ್ಕದ್ದು ಎಂದೂ ವಿಧಿಸಲಾಗಿತ್ತು.

೨. ಅರವತ್ತಮೂರು ವರ್ಷದ ಶ್ರೀಮತಿ ಉಮ್‌ಸುನೈ ಅವರು ಒಂದೇ ಒಂದು ಪುಟ ಉಳಿಸಿಟ್ಟಿದ್ದರು. ಅದರಲ್ಲಿ ಅವರ ಮಾವನವರು (ಇನ್ನು ಮುಂದೆ 'ಸದರಿ ಹಿರಿಯರು') ತಮಗೆ ಬಂದ ಪ್ರಶಸ್ತಿಪತ್ರವನ್ನು ತಮ್ಮದೇ ಕುದುರೆಮರಿ ಮೇಯುತ್ತಿರುವುದನ್ನು ಕಂಡು ನಗುತ್ತಿದ್ದಾರೆ. ಅವರು ನಕ್ಕ ಫೋಟೋ ಬೇರೊಂದಿಲ್ಲ. ಪುಟದ ಹಣೆಪಟ್ಟಿ: "ಹಿರಿಯರು ನಕ್ಕ ದಿನ". ಸುತ್ತೋಲೆ ೧೬ರಂತೆ ಅದನ್ನು ಅಳಿಸಿ, ಪ್ರಕಾಶಕರು ಸೂಚಿಸಿದ ಪ್ರಕಾರ ಸದರಿ ಹಿರಿಯರ ಹೆಸರನ್ನೇ ಅಂಟಿಸಲಾಯಿತು. ಬರುವ ಭಾನುವಾರ ಅವರು ತೀರಿಕೊಂಡು ವರ್ಷವಾದ ಊಟವಿದ್ದು, ಆ ನಗುವನ್ನು ನೆಂಟರ ಮುಂದೆ ಇಡುವ ಇರಾದೆ ಇರುತ್ತದೆ.

೩. ಆದರೆ ಗಂಡನ ಮನೆಯ ಹಿರಿಯರ ಹೆಸರನ್ನು ಸೊಸೆ ಎತ್ತತಕ್ಕದ್ದಲ್ಲವಾಗಿ, ಸದರಿ ಸೊಸೆ ನಲವತ್ತೊಂದು ವರ್ಷದಿಂದ ಎತ್ತಿಲ್ಲವಾಗಿ, ತಮಗೂ ಅವರಿಗೂ ಕೆಳಕಂಡಂತೆ ಮಾತು ನಡೆಯಿತೆಂದು ಪಾಲಕರು ವರದಿ ಮಾಡಿರುತ್ತಾರೆ:

"ಹೆಸರು ಒತ್ತಿ ಅಮ್ಮಾ, ತೆರ್ಕೊಳ್ಳುತ್ತೆ."

"ಒತ್ತೋ ಹಾಗಿಲ್ಲ ತಮ್ಮಾ."

"ಬಾಯಲ್ಲಿ ಹೇಳ್ಬೇಡಿ. ಬರೀ ಬೆರಳಲ್ಲಿ ತಾನೇ?"

"ಬೆರಳೇನು ನಿಮ್ಮ ಇಲಾಖೇದಾ? ಅದೂ ಆ ಮನೆ ಸೊಸೇನೇ."

"ಹಂಗಾದ್ರೆ ಈ ರೂಲ್ಸ್ ಬರೆದೋರನ್ನೇ ಹೋಗಿ ಕೇಳಿ."

"ಕೇಳ್ದೆ. ಅವಳೂ ತಲೆ ತಗ್ಗಿಸ್ಕೊಂಡು ಕೂತವ್ಳೆ."

೪. ಕಣ್ಣು ಮುಚ್ಚಿ ಒತ್ತುವ ಕ್ರಮವನ್ನು ಪರೀಕ್ಷಿಸಲಾಗಿ, ಕುರಿಗಳ ಕಾಲುಬೇನೆಯ ಪುಟ ತೆರೆದುಕೊಂಡಿತು. ಕೈಗವಸು ತೊಟ್ಟು ಒತ್ತಿದರೆ ಬೆರಳು ಒತ್ತಿದಂತಾಗದು ಎಂಬ ಸಲಹೆಯನ್ನು, ಕೈಗವಸು ಅತ್ತೆ ಹೆಣೆದದ್ದು, ಅದೂ ಆ ಮನೆಯದೇ ಎಂಬ ಕಾರಣಕ್ಕೆ ತಿರಸ್ಕರಿಸಲಾಗಿದೆ. ಗಂಡನು ಬೇಸಿಗೆ ಹುಲ್ಲುಗಾವಲಿನಲ್ಲಿ ಕುದುರೆಗಳೊಂದಿಗೆ ಇರುವುದರಿಂದಲೂ, ಬುಕ್‌ಮಾರ್ಕಿನ ಒಡೆಯನಲ್ಲವಾದ್ದರಿಂದಲೂ ಪರಿಗಣನೆಗೆ ಬರುವುದಿಲ್ಲ.

೫. ಆದುದರಿಂದ ಈ ಮೂಲಕ ಸೂಚಿಸಲಾಗಿರುವುದೇನೆಂದರೆ: ಪ್ರಕಾಶಕರು ಹಣೆಪಟ್ಟಿ ಸೂಚಿಸಬಹುದು. ಸೂಚನೆಯು ಕರೆಯದೆ ಬಂದ ನೆಂಟನಂತೆ ಹೊಸ್ತಿಲಾಚೆ ನಿಲ್ಲತಕ್ಕದ್ದು. ಓದುಗರು ಒಳಗೆ ಕರೆದರೂ ಅವರ ಸ್ವಂತ ಹಣೆಪಟ್ಟಿಗಿಂತ ಕೆಳಗೆ, ಬಾಗಿಲ ಪಕ್ಕ ಕೂರತಕ್ಕದ್ದು. ಓದುಗರು ಸುಮ್ಮನಿದ್ದರೆ ಒಪ್ಪಿದರೆಂದು ಭಾವಿಸಕೂಡದು. ಚಹಾ ತಂದುಕೊಟ್ಟು ಕಾಯತಕ್ಕದ್ದು.

೬. "ಹಿರಿಯರು ನಕ್ಕ ದಿನ" ಎಂಬುದನ್ನು ಶನಿವಾರದೊಳಗೆ ಮರಳಿ ಅಂಟಿಸತಕ್ಕದ್ದು. ರದ್ದಾಗುವ ಹಣೆಪಟ್ಟಿಯನ್ನು ಪೂರ್ತಿಯಾಗಿ ಬರೆಯದ ಹೊರತು ರದ್ದತಿ ಊರ್ಜಿತವಲ್ಲ.

ರದ್ದಾದ ಹಣೆಪಟ್ಟಿ: ____________

ಮೇಲಿನ ಜಾಗವನ್ನು ಸಹಿ ಮಾಡಿದವರು ಕಾರಣಾಂತರದಿಂದ ಖಾಲಿ ಬಿಟ್ಟಿರುತ್ತಾರೆ. ಪಾಲಕ ತಾಬಾಲ್ದಿಯವರು ತುಂಬತಕ್ಕದ್ದು. ತುಂಬುವಾಗ ಗಟ್ಟಿಯಾಗಿ ಓದಕೂಡದು.

ಸಹಿ/-
ಸೈರಾಕಾನ್
ಪ್ರಭಾರ ಮೇಲಧಿಕಾರಿ
(ಸುತ್ತೋಲೆ ೧೬ ಬರೆದವರೂ ಇವರೇ)

ಪ್ರತಿಗಳು:
೧. ಪ್ರಕಾಶಕರಿಗೆ, ಹೊಸ್ತಿಲಾಚೆ ನಿಂತು ಓದಿಕೊಳ್ಳಲು.
೨. ಪಾಲಕ ತಾಬಾಲ್ದಿಯವರಿಗೆ, ಪೆನ್ನಿನೊಂದಿಗೆ.
೩. ಕಡತಕ್ಕೆ.
೪. ಶ್ರೀಮತಿ ಉಮ್‌ಸುನೈ, ಸಹಿ ಮಾಡಿದವರ ಹಿರಿಯ ಓರಗಿತ್ತಿ, ಇವರ ಮಾಹಿತಿಗಾಗಿ. ಭಾನುವಾರ ಹಿಟ್ಟು ನಾದಲು ಬೆಳಗ್ಗೆಯೇ ಬರಲಾಗುವುದು.